ಉಳುವವರಿಗೆ ಹಕ್ಕುಪತ್ರ ಕೊಡಿಸಿದ ದೇವರಾಜ ಅರಸರು



ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ದಿವಂಗತ ಡಿ. ದೇವರಾಜ ಅರಸರನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಹುಣಸೂರು ಕಡೆಯ ಮನುಷ್ಯಾಗೂ ನಮ್ಮ ಆಳಂದ, ಅಫಜಲಪುರ, ಜೇವರ್ಗಿಗೂ ಏನ್ರೀ ಸಂಬಂಧ ಅಂತ ಕೆಲವರು ಕೇಳಬಹುದು. ಸಾಲಕ್ಕೆ ಬಂದವರ ಕೈಯಾಗ ಸಂಘ ಮೊದಲು ನೋಡುವುದು ಪಹಣಿ. ಆ ಪಹಣಿಯಲ್ಲಿ ಉಳುವವನ ಹೆಸರು ಮಾಲೀಕನ ಕಲಮಿಗೆ ಬರಬೇಕೆಂದು ಹೋರಾಡಿದವರಲ್ಲಿ ಅರಸರು ಮುಖ್ಯರು.

ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಪದವಿ ಮುಗಿಸಿದರೂ ನೌಕರಿ ಬೆನ್ನು ಹತ್ತದೆ ಊರಿಗೆ ಬಂದು ಒಕ್ಕಲುತನ ಮಾಡಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ವಿಧಾನಸಭೆಗೆ ಆರಿಸಿ ಬಂದರು. ಸಂಖ್ಯೆಯಲ್ಲಿ ಬಹಳ ಸಣ್ಣ ಸಮಾಜದವರಾದರೂ 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಅವರ ಕಾಲದಲ್ಲಿಯೇ.

ನಮ್ಮ ಭಾಗದ ಹೊಲದ ಕಥೆ ಬೇರೆಯೇ ಇತ್ತು. ನಿಜಾಮರ ಕಾಲಕ್ಕೆ ಎಷ್ಟೋ ಊರು ಜಹಗೀರುದಾರರ ಕೈಯಲ್ಲಿದ್ದವು. 1949ರಲ್ಲಿ ಜಹಗೀರು ರದ್ದಾಯಿತು. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು. 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಯಾಯಿತು. ಆದರೆ ಸ್ವಂತ ಸಾಗುವಳಿಗೆ ಬೇಕು ಎಂದು ಹೊಲ ಬಿಡಿಸಿಕೊಳ್ಳಲು ಮಾಲೀಕರಿಗೆ ದಾರಿ ಇತ್ತು. ಪಾಲಿಗೆ ಮಾಡಿದವನ ಹೆಸರು ಪಹಣಿಗೆ ಏರುತ್ತಿದ್ದದ್ದು ಅಪರೂಪ.

ಅರಸರು ಈ ದಾರಿ ಮುಚ್ಚಿದರು. ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿಗಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಡಬೇಕಿತ್ತು. ಕೊನೆಯ ಗಡುವು 1979ರ ಜೂನ್ 30ರವರೆಗೂ ಮುಂದಕ್ಕೆ ಹೋಯಿತು. ತೀರ್ಮಾನಕ್ಕೆ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳಾದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಫೀಸು ಕೊಡಲಾರದ ಬಡವನೂ ತನ್ನ ಮಾತು ತಾನೇ ಹೇಳಲಿ ಎಂಬುದು ಉದ್ದೇಶ.

ಹಾಗಂತ ಮಾಲೀಕರ ಮಾತಿಗೆ ಬೆಲೆಯೇ ಇರಲಿಲ್ಲ ಅನ್ನಬಾರದು. ಅವರಿಗೂ ನೋಟೀಸು ಕೊಟ್ಟು ಕೇಳಬೇಕಿತ್ತು. ತಾನೇ ಉಳುತ್ತಿದ್ದೇನೆಂದು ತೋರಿಸಿದವನ ಹೊಲ ಅವನಿಗೇ ಉಳಿಯಿತು. ಹೋದ ಭೂಮಿಗೆ ಕಾಯ್ದೆಯಲ್ಲಿ ಪರಿಹಾರವಿತ್ತು. ಅನ್ಯಾಯವಾಯಿತೆಂದವರು ಹೈಕೋರ್ಟಿಗೆ ರಿಟ್ ಹಾಕಿದರು. ಸೈನಿಕರಿಗೆ ಗೇಣಿ ಕೊಡುವ ವಿಷಯದಲ್ಲಿ ರಿಯಾಯಿತಿ ಇತ್ತು. ಒಂದು ಕುಟುಂಬಕ್ಕೆ 10 ಯೂನಿಟ್ ಮಿತಿ. ಮಳೆ ನಂಬಿದ ಖುಷ್ಕಿ ಜಮೀನಿಗೆ ಅದು 54 ಎಕರೆ.

ಸಿಕ್ಕ ಹೊಲವನ್ನು 15 ವರ್ಷ ಮಾರುವಂತಿರಲಿಲ್ಲ. ಆದರೆ ಸಹಕಾರ ಸಂಘ, ಬ್ಯಾಂಕುಗಳಿಗೆ ಒತ್ತೆ ಇಟ್ಟು ಬೇಸಾಯಕ್ಕೆ ಸಾಲ ತೆಗೆಯಲು ಅವಕಾಶವಿತ್ತು. ಹೊಸ ಮಾಲೀಕ ಮತ್ತೆ ಸಾಹುಕಾರನ ಬಾಗಿಲಿಗೆ ಹೋಗಬಾರದೆಂಬ ದೂರದೃಷ್ಟಿ ಇದು. 1976ರ ಋಣ ಪರಿಹಾರ ಕಾಯ್ದೆಯೂ ಇದೇ ದಾರಿಯದು.

ಸತ್ಯ ಮುಚ್ಚಿಡಬಾರದು. ಕರಾವಳಿ, ಮಲೆನಾಡಿನಲ್ಲಿ ಆದಷ್ಟು ಫಲ ನಮ್ಮ ಕಡೆ ಆಗಲಿಲ್ಲ. ಇಲ್ಲಿ ಪಾಲು ಬಾಯಿಮಾತಿನದು. ಚೀಟಿ ಇಲ್ಲ, ರಸೀದಿ ಇಲ್ಲ. ದಿನಾ ಎದುರು ನಿಲ್ಲಬೇಕಾದ ಗೌಡರ ಮ್ಯಾಲೆ ಅರ್ಜಿ ಹಾಕಲು ಎಷ್ಟೋ ಮಂದಿಗೆ ಧೈರ್ಯ ಸಾಲಲಿಲ್ಲ. ಕಾಯ್ದೆ ಬಾಗಿಲಿಗೆ ಬಂದಾಗ ಕಾಗದ ಇಲ್ಲದವರು ಹೊರಗೇ ಉಳಿದರು.

1978ರಲ್ಲಿ ಅರಸರು ಎರಡನೇ ಸಲ ಮುಖ್ಯಮಂತ್ರಿಯಾದರು. ಪಕ್ಷದ ಒಡಕಿನಿಂದ 1980ರ ಜನವರಿಯಲ್ಲಿ ಅಧಿಕಾರ ಹೋಯಿತು. 1982ರ ಜೂನ್ 6ರಂದು ತೀರಿಕೊಂಡರು.

ಅವರ ಕಾಯ್ದೆಯೂ ಹಾಗೇ ಉಳಿದಿಲ್ಲ. 2020ರ ತಿದ್ದುಪಡಿಯ ನಂತರ ಒಕ್ಕಲಿಗರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದ್ದರಿಂದ ಸದಸ್ಯರು ಎಚ್ಚರ ಇರಬೇಕು. ಪಹಣಿಯ ನಮೂದು ಸುಳ್ಳೆಂದು ಸಿದ್ಧವಾಗುವವರೆಗೆ ಕಾಯ್ದೆ ಅದನ್ನು ನಿಜವೆಂದೇ ಹಿಡಿಯುತ್ತದೆ. ಆದರೂ ಮಾಲೀಕತ್ವಕ್ಕೆ ಮೂಲ ಪತ್ರವೇ ಆಧಾರ. ಅಪ್ಪ ತೀರಿದ ಮೇಲೆ ವಾರಸಾ ಮಾಡಿಸುವುದನ್ನು ಮುಂದೆ ಹಾಕಬ್ಯಾಡ್ರಿ. ಅಣ್ತಮ್ಮಂದಿರು ಹಂಚಿಕೊಂಡರೆ ನೋಂದಣಿ ಮಾಡಿಸಿರಿ, ಅಕ್ಕತಂಗಿಯರ ಪಾಲು ಮರೀಬ್ಯಾಡ್ರಿ. ಹಕ್ಕುಪತ್ರವನ್ನು ಜೋಪಾನವಾಗಿಡಿರಿ.

ಅರಸರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ.