ಹರಿದ ರಕ್ತನಾಳವನ್ನು ಹೊಲಿದ ವೈದ್ಯ ಅಲೆಕ್ಸಿ ಕರೇಲ್

1894ರ ಜೂನ್ 24ರಂದು ಫ್ರಾನ್ಸ್ ದೇಶದ ಅಧ್ಯಕ್ಷರಾಗಿದ್ದ ಸಾದಿ ಕಾರ್ನೋ ಅವರು ಲಿಯಾನ್ ನಗರದಲ್ಲಿ ಹಂತಕನೊಬ್ಬನ ಚೂರಿಯ ಇರಿತಕ್ಕೆ ಗುರಿಯಾದರು. ಯಕೃತ್ತಿಗೆ ರಕ್ತವನ್ನೊಯ್ಯುವ ದೊಡ್ಡ ನಾಳ ಹರಿದಿತ್ತು. ಅದನ್ನು ಹೊಲಿದು ಕೂಡಿಸುವ ವಿದ್ಯೆ ಅಂದಿನ ಶಸ್ತ್ರವೈದ್ಯರಿಗೆ ಕರಗತವಾಗಿರಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಅದೇ ಊರಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ತರುಣ ಅಲೆಕ್ಸಿ ಕರೇಲ್ ಅವರ ಮನಸ್ಸಿನಲ್ಲಿ ಈ ಸಾವು ಆಳವಾಗಿ ನಾಟಿತು.

1873ರಲ್ಲಿ ಲಿಯಾನ್ ಸಮೀಪದಲ್ಲಿ ಜನಿಸಿದ ಕರೇಲ್, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವರು. ರಕ್ತನಾಳ ಹೊಲಿಯುವ ಛಲ ಹೊತ್ತ ಅವರು ಮೊದಲು ಗುರುವಾಗಿ ಸ್ವೀಕರಿಸಿದ್ದು ವೈದ್ಯರನ್ನಲ್ಲ. ಲೆರೂದಿಯೆ ಎಂಬ ಕಸೂತಿ ಕಲಾವಿದೆಯನ್ನು. ಅತಿ ಸಣ್ಣ ಸೂಜಿ, ನವಿರಾದ ರೇಷ್ಮೆ ಎಳೆ ಹಿಡಿಯುವುದನ್ನು ಅವರು ಆ ತಾಯಿಯಿಂದ ಕಲಿತರು. ತುಂಡಾದ ನಾಳದ ದುಂಡು ಬಾಯಿಗೆ ಮೂರು ಕಡೆ ಹೊಲಿಗೆ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ. ಆಗ ಒಂದೊಂದು ಅಂಚನ್ನೂ ನೇರವಾಗಿ ಹೊಲಿಯಬಹುದು. 1902ರಲ್ಲಿ ಪ್ರಕಟವಾದ ಈ ವಿಧಾನ ರಕ್ತನಾಳ ಶಸ್ತ್ರಚಿಕಿತ್ಸೆಯ ಅಡಿಗಲ್ಲಾಯಿತು.

1904ರಲ್ಲಿ ತಾಯ್ನಾಡನ್ನು ತೊರೆದ ಅವರು ಷಿಕಾಗೋದಲ್ಲಿ ಚಾರ್ಲ್ಸ್ ಗತ್ರಿ ಅವರೊಡಗೂಡಿ, 1906ರಿಂದ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದರು. ಪ್ರಾಣಿಗಳಲ್ಲಿ ಮೂತ್ರಪಿಂಡವನ್ನು ಕಸಿ ಮಾಡಿ, ಅದೇ ಪ್ರಾಣಿಯ ಅಂಗ ಉಳಿಯುವುದನ್ನೂ ಬೇರೊಂದರ ಅಂಗ ಕಾಲಕ್ರಮದಲ್ಲಿ ಕೆಡುವುದನ್ನೂ ಕಂಡರು. 1908ರಲ್ಲಿ ರಕ್ತಸ್ರಾವದಿಂದ ಬಳಲುತ್ತಿದ್ದ ನವಜಾತ ಶಿಶುವಿನ ಕಾಲಿನ ನಾಳಕ್ಕೆ ತಂದೆಯ ತೋಳಿನ ನಾಳವನ್ನು ಜೋಡಿಸಿ ಅದರ ಜೀವ ಉಳಿಸಿದರು. 1912ರಲ್ಲಿ ನೊಬೆಲ್ ಪುರಸ್ಕಾರ ಅವರನ್ನರಸಿ ಬಂದಿತು. ಮೊದಲ ಮಹಾಯುದ್ಧದಲ್ಲಿ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಅವರೊಡನೆ ಗಾಯ ತೊಳೆಯುವ ಕ್ರಮವನ್ನು ರೂಪಿಸಿ, ಕೀವುಗಟ್ಟಿದ ಗಾಯಗಳಿಂದ ನರಳುತ್ತಿದ್ದ ಸೈನಿಕರಿಗೆ ಆಸರೆಯಾದರು.

ಇಂತಹ ಜೀವನಕ್ಕೂ ಕಳಂಕ ತಪ್ಪಲಿಲ್ಲ. 1935ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕರೇಲ್ ಅವರು ಮನುಷ್ಯರನ್ನು ಶ್ರೇಷ್ಠ, ಕನಿಷ್ಠವೆಂದು ವಿಂಗಡಿಸಿದರು. ಘೋರ ಅಪರಾಧಿಗಳನ್ನು ವಿಷಾನಿಲದಿಂದ ಇಲ್ಲವಾಗಿಸಬಹುದೆಂದೂ, ಅಪರಾಧವೆಸಗಿದ ಮನೋರೋಗಿಗಳಿಗೂ ಅದು ಸಲ್ಲುವುದೆಂದೂ ವಾದಿಸಿದರು. ಜರ್ಮನ್ ಆಕ್ರಮಣದ ಕಾಲದಲ್ಲಿ ವಿಶಿ ಸರ್ಕಾರದ ನೆರವಿನಿಂದ ಸಂಸ್ಥೆಯೊಂದನ್ನು ನಡೆಸಿ ಆರೋಪಕ್ಕೊಳಗಾದರು. 1944ರ ನವೆಂಬರ್ 5ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು.

ಕಸೂತಿಯವಳ ಮುಂದೆ ಶಿಷ್ಯನಾಗಿ ಕುಳಿತ ವಿನಯವು ಅಸಂಖ್ಯ ಜೀವಗಳನ್ನು ಉಳಿಸಿತು. ಯಾರು ಬದುಕಲು ಯೋಗ್ಯರೆಂದು ತಾವೇ ತೀರ್ಮಾನಿಸಲು ಹೊರಟ ಅಹಂಕಾರವು ಅದೇ ಹೆಸರಿಗೆ ಮಸಿ ಬಳಿಯಿತು. ಅವರ ಹೊಲಿಗೆಯನ್ನು ಕೃತಜ್ಞತೆಯಿಂದ ನೆನೆಯೋಣ. ದಯೆ ತೊರೆದ ಜ್ಞಾನದ ಬಗ್ಗೆ ಸದಾ ಎಚ್ಚರವಾಗಿರೋಣ.