ಕನಸಿನಲ್ಲಿ ಅಂಕಿತ ಪಡೆದ ವಿಜಯದಾಸರು

ಸಂತೆಕಲ್ಲೂರಿನಿಂದ ಮಸ್ಕಿ, ಸಿಂಧನೂರುಗಳನ್ನು ಹಾಯ್ದು ಮೂಡಣಕ್ಕೆ ಸಾಗಿದರೆ ಮಾನ್ವಿಯ ಸೀಮೆ ಎದುರಾಗುತ್ತದೆ. ಅಲ್ಲಿ ತುಂಗಭದ್ರೆಯ ದಂಡೆಯ ಚೀಕಲಪರ್ವಿ ಗ್ರಾಮದಲ್ಲಿ 1682ರಲ್ಲಿ ಜನಿಸಿದ ದಾಸಪ್ಪನೆಂಬ ಬಾಲಕನೇ ಮುಂದೆ ವಿಜಯದಾಸರೆಂದು ನಾಡಿಗೆಲ್ಲ ಪರಿಚಿತನಾದನು. ಹರಿದಾಸರ ಚರಿತ್ರೆ ನಮ್ಮ ಅಂಕಣದಲ್ಲೇಕೆ ಎಂದು ಕೆಲವರು ಕೇಳಬಹುದು. ನೆರೆಮನೆಯ ಹಿರಿಯರನ್ನು ಅರಿಯುವುದು ನೆರೆಹೊರೆಯ ಧರ್ಮ. ಅದಲ್ಲದೆ, ಇವರ ಬಾಳಿನ ಮುಖ್ಯ ಘಟನೆಯು ಮತ್ತಾಯನ ಶುಭಸಂದೇಶವನ್ನು ಓದಿದವರಿಗೆ ಅಪರಿಚಿತವೇನಲ್ಲ. ಸಂತ ಜೋಸೆಫರಂತೆ ಇವರಿಗೂ ದಾರಿ ತೋರಿದ್ದು ಕನಸು.

ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಮನೆಯಲ್ಲಿ ಕಡುಬಡತನ. ಹೊಟ್ಟೆಗಿಲ್ಲದ ಮನೆಯಲ್ಲಿ ಹಿರಿಯ ಮಗನಿಗೆ ಶಾಸ್ತ್ರಾಭ್ಯಾಸಕ್ಕೆ ಎಲ್ಲಿಯ ಅವಕಾಶ? ಎಳೆಯ ಪ್ರಾಯದಲ್ಲೇ ದಾಸಪ್ಪನು ಊರು ಬಿಟ್ಟು ಅಲೆದನು. ಅರಳಮ್ಮನೊಡನೆ ವಿವಾಹವಾದ ಮೇಲೂ ಬಡತನ ಹಿಂಗಲಿಲ್ಲ. ಅಲೆಯುತ್ತಾ ಕಾಶಿಯನ್ನು ಸೇರಿದಾಗ ಅವನ ಕೈಯಲ್ಲಿ ವಿದ್ಯೆಯೂ ಇರಲಿಲ್ಲ, ವಿತ್ತವೂ ಇರಲಿಲ್ಲ.

ಅಲ್ಲಿ ಒಂದು ರಾತ್ರಿ ಪುರಂದರದಾಸರು ಅವನ ಕನಸಿನಲ್ಲಿ ಕಾಣಿಸಿಕೊಂಡರೆಂದೂ, ವಿಜಯ ವಿಠಲ ಎಂಬ ಅಂಕಿತವನ್ನು ಅನುಗ್ರಹಿಸಿದರೆಂದೂ ದಾಸಪರಂಪರೆ ಹೇಳುತ್ತದೆ. ನಾಲಿಗೆಯ ಮೇಲೆ ಅಕ್ಷರವನ್ನು ಬರೆದರೆಂಬ ಮಾತೂ ಉಂಟು. ಎಚ್ಚತ್ತವನ ಬಾಯಿಂದ ಪದಗಳು ಹೊರಟವು. ಪುರಂದರದಾಸರು ದೇಹತ್ಯಾಗ ಮಾಡಿದ್ದು 1564ರಲ್ಲಿ; ಅಂದರೆ ಗುರು ತೀರಿಹೋಗಿ ನೂರು ವರ್ಷಗಳು ಕಳೆದ ಮೇಲೆ ಈ ಶಿಷ್ಯನು ಹುಟ್ಟಿದ್ದನು. ಪುರಂದರರ ಪದಗಳನ್ನು ಕೇಳುತ್ತಲೇ ಬೆಳೆದವನ ಮನಸ್ಸಿನಲ್ಲಿ ಅಡಗಿದ್ದದ್ದೇ ನಿದ್ರೆಯಲ್ಲಿ ಮೇಲೆದ್ದಿತೆಂದು ವಿಚಾರವಂತರು ಹೇಳಬಹುದು. ಹಾಗೆಂದು ಒಪ್ಪಿದರೂ ಆ ಇರುಳಿನ ಬೆಲೆ ಕುಂದದೆಂದು ನನಗೆ ತೋರುತ್ತದೆ. ಆ ಪದಗಳನ್ನು ಕೇಳಿ ಬೆಳೆದವರು ಸಾವಿರಾರು ಮಂದಿ. ಹೀಗೆ ಎದ್ದು ಹಾಡಿದವನು ಇವನೊಬ್ಬನು.

ನಮ್ಮ ಧರ್ಮಸಭೆಯ ಇತಿಹಾಸದಲ್ಲಿಯೂ ಇಂಥ ಒಬ್ಬನಿದ್ದಾನೆ. ಏಳನೆಯ ಶತಮಾನದ ಇಂಗ್ಲೆಂಡಿನಲ್ಲಿ, ಸಂತ ಹಿಲ್ಡಾ ಅವರು ಮುಖ್ಯಸ್ಥೆಯಾಗಿದ್ದ ವಿಟ್ಬಿಯ ಮಠದಲ್ಲಿ ಕೇಡ್ಮನ್ ಎಂಬ ದನಗಾಹಿಯಿದ್ದನು. ಔತಣದ ವೇಳೆ ಸರದಿಯಂತೆ ಹಾಡಬೇಕಾಗಿ ಬಂದಾಗ ಹಾಡು ಬಾರದ ನಾಚಿಕೆಯಿಂದ ಎದ್ದುಹೋಗಿ ಕೊಟ್ಟಿಗೆಯಲ್ಲಿ ಮಲಗುತ್ತಿದ್ದನು. ಅಲ್ಲಿಯೇ ಒಂದು ರಾತ್ರಿ ಕನಸಿನಲ್ಲಿ, ಸೃಷ್ಟಿಯನ್ನು ಕುರಿತು ಹಾಡೆಂಬ ಅಪ್ಪಣೆ ಅವನಿಗಾಯಿತು. ಸನ್ಯಾಸಿ ಸಂತ ಬೀಡರು 731ರಲ್ಲಿ ಮುಗಿಸಿದ ತಮ್ಮ ಇತಿಹಾಸದಲ್ಲಿ ಇದನ್ನು ದಾಖಲಿಸಿದ್ದಾರೆ. ಕನಸು ಕೊಟ್ಟದ್ದು ಕೆಲವೇ ಸಾಲುಗಳನ್ನು. ಅನಂತರ ಮಠದ ಪಂಡಿತರು ಪವಿತ್ರ ಗ್ರಂಥದ ವೃತ್ತಾಂತಗಳನ್ನು ಹೇಳಿಕೊಟ್ಟರು. ಹಸು ಮೆಲುಕು ಹಾಕುವಂತೆ ಅವನು ಅವನ್ನು ಮನನ ಮಾಡಿ ಹಾಡು ಕಟ್ಟಿದನು.

ವಿಜಯದಾಸರ ದುಡಿಮೆಯೂ ಹಾಗೆಯೇ. ಕನಸು ಕೊಟ್ಟದ್ದು ಒಂದು ಅಂಕಿತ. ಹಾಡುಗಳನ್ನು ಮುಂದಿನ ಜೀವಮಾನವೆಲ್ಲ ಅವರೇ ಕಟ್ಟಬೇಕಾಯಿತು. ಅವರ ರಚನೆಗಳು ಇಪ್ಪತ್ತೈದು ಸಾವಿರವೆಂದು ಪರಂಪರೆ ಎಣಿಸುತ್ತದೆ. ಅವುಗಳಲ್ಲಿ ಸುಳಾದಿಗಳಿಗೆ ವಿಶೇಷ ಸ್ಥಾನ. ಸುಳಾದಿಯೆಂದರೆ ಸುಲಭದ ಹಾಡಲ್ಲ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬೀ ತಾಳಗಳಲ್ಲಿ ನುಡಿಯಿಂದ ನುಡಿಗೆ ತಾಳ ಬದಲಾಗುತ್ತಾ ಹೋಗಿ, ಕೊನೆಯಲ್ಲಿ ಎರಡು ಸಾಲಿನ ಜತೆಯೊಂದಿಗೆ ಮುಗಿಯಬೇಕು. ನಡುವೆ ತತ್ತ್ವದ ಎಳೆ ತಪ್ಪಬಾರದು. ಪಾಠಶಾಲೆಯ ಭಾಗ್ಯ ಕಾಣದವರು ಇದನ್ನು ಸಾಧಿಸಿ ಸುಳಾದಿ ದಾಸರೆನಿಸಿಕೊಂಡರು. ಅವರ ದುರ್ಗಾ ಸುಳಾದಿಯನ್ನು ಇಂದಿಗೂ ಅನೇಕ ಮನೆಗಳಲ್ಲಿ ಪಠಿಸುತ್ತಾರೆ.

1565ರಲ್ಲಿ ವಿಜಯನಗರವು ಪತನವಾದ ಬಳಿಕ ದಾಸರ ಹಾಡು ಕ್ಷೀಣಿಸಿತ್ತು. ಅದು ಮರಳಿ ಚಿಗುರಿದ್ದು ನಮ್ಮ ಈ ರಾಯಚೂರು ಸೀಮೆಯಲ್ಲಿ, ವಿಜಯದಾಸರಿಂದ. ತಮಗೆ ನಿದ್ರೆಯಲ್ಲಿ ದೊರೆತ ದೀಕ್ಷೆಯನ್ನು ಅವರು ಹಾಡಹಗಲಿನಲ್ಲಿ ಇತರರಿಗೆ ಹಂಚಿದರು. ಮೊಸರುಕಲ್ಲಿನ ಭಾಗಣ್ಣನು ಅವರಿಂದ ಗೋಪಾಲದಾಸರಾದರು. ಬಡತನ ತಾಳಲಾರದೆ ಕೂಸಿನೊಡನೆ ಪ್ರಾಣ ಬಿಡಹೊರಟ ತಾಯಿಯೊಬ್ಬಳನ್ನು ತಡೆದು, ಮಗಳಂತೆ ಮನೆಗೆ ಕರೆತಂದರೆಂಬ ಕಥೆಯುಂಟು. ಆ ಕೂಸೇ ಮೋಹನದಾಸರು. ವಿಜಯದಾಸರನ್ನು ಮೊದಲು ಕಡೆಗಣಿಸಿದ್ದ ಮಾನ್ವಿಯ ವಿದ್ವಾಂಸರು ಕೊನೆಗೆ ಗೋಪಾಲದಾಸರ ಬಳಿಗೆ ಹೋಗಿ, ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿದರು.

ಶುಭಸಂದೇಶದಲ್ಲಿ ಸಂತ ಜೋಸೆಫರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಕನಸು ಕಂಡರು, ಎದ್ದರು, ಹೇಳಿದಂತೆ ನಡೆದರು. ವಿಜಯದಾಸರು ಸಾವಿರಾರು ಹಾಡುಗಳನ್ನು ಬಿಟ್ಟುಹೋದರೂ ದಾಸಪ್ಪನೆಂಬ ತಮ್ಮ ಹುಟ್ಟುಹೆಸರನ್ನು ಅವುಗಳಿಗೆ ಮುದ್ರೆಯಾಗಿಸಲಿಲ್ಲ. 1755ರ ಕಾರ್ತಿಕ ಶುದ್ಧ ದಶಮಿಯಂದು ಅವರು ದೇಹ ಬಿಟ್ಟದ್ದು ಆಂಧ್ರದ ಕರ್ನೂಲು ಜಿಲ್ಲೆಯ ಚಿಪ್ಪಗಿರಿಯಲ್ಲಿ. ವರ್ಷವರ್ಷವೂ ಆ ತಿಥಿಗೆ ಅಲ್ಲಿ ಅವರ ಆರಾಧನೆ ನಡೆಯುತ್ತದೆ. ಹಾಡಿನ ಕೊನೆಗೆ ಕೇಳಿಬರುವುದು ಕಾಶಿಯ ಆ ಇರುಳಿನಲ್ಲಿ ದೊರೆತ ಹೆಸರೇ.