ರೋಗಶಯ್ಯೆಯ ಬಳಿ ಲೂಥರ್

ಪೋಪನಿಗೆ ಎದುರು ನಿಂತ ಮಾರ್ಟಿನ್ ಲೂಥರನನ್ನು (1483–1546) ಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ನನ್ನ ಮನಸ್ಸನ್ನು ಸೆರೆಹಿಡಿದಿರುವವನು ರೋಗಶಯ್ಯೆಯ ಬಳಿ ಮೊಣಕಾಲೂರಿದ ಲೂಥರ್.

1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್ ಪಟ್ಟಣಕ್ಕೆ ಪ್ಲೇಗು ಬಂದಾಗ ಅಲ್ಲಿನ ವಿಶ್ವವಿದ್ಯಾನಿಲಯವೇ ಯೇನಾ ನಗರಕ್ಕೆ ಹೊರಟುಹೋಯಿತು. ಲೂಥರನೂ ಗರ್ಭಿಣಿಯಾಗಿದ್ದ ಮಡದಿ ಕ್ಯಾಥರೀನಳೂ ಕದಲಲಿಲ್ಲ. ಅವರ ಮನೆಯೇ ಆಸ್ಪತ್ರೆಯಾಯಿತು. ರೋಗಿಗಳ ಹೊಣೆ ಹೊತ್ತವರು ಓಡಲಾಗದು, ದೇವರನ್ನು ಬೇಡಿಕೊಂಡ ಮೇಲೆ ಔಷಧವನ್ನೂ ಕೊಡಬೇಕು, ಗಾಳಿಯನ್ನೂ ಶುದ್ಧಿಮಾಡಬೇಕು ಎಂಬುದು ಅವನು ಆಗ ಬರೆದ ಪುಸ್ತಿಕೆಯ ತಾತ್ಪರ್ಯ. ಪ್ರಾರ್ಥನೆಯೆಂದರೆ ಕೈಕಟ್ಟಿ ಕೂರುವುದೆಂದು ತಿಳಿದವರು ಇದನ್ನು ಗಮನಿಸಬೇಕು.

1540ರಲ್ಲಿ ಆಪ್ತಮಿತ್ರ ಮೆಲಾಂಕ್ಟನ್ ವೈಮಾರಿನಲ್ಲಿ ಸಾವಿನಂಚಿಗೆ ಬಂದ. ಲೂಥರ್ ಧಾವಿಸಿ ಬಂದು, ಕಿಟಕಿಯತ್ತ ತಿರುಗಿ, ದೇವರೊಡನೆ ಜಗಳಕ್ಕೆ ನಿಂತವನಂತೆ ಬೇಡಿದ. ಆಹಾರ ಒಲ್ಲೆನೆಂದ ಗೆಳೆಯನಿಗೆ ಬಹಿಷ್ಕಾರದ ಬೆದರಿಕೆ ಹಾಕಿ ಉಣಿಸಿದನಂತೆ! ಮೆಲಾಂಕ್ಟನ್ ಬದುಕಿದ.

ಎರಡು ವರ್ಷಗಳ ತರುವಾಯ 13 ವರ್ಷದ ಮಗಳು ಮ್ಯಾಗ್ಡಲೀನ್ ಹಾಸಿಗೆ ಹಿಡಿದಳು. ಅಣ್ಣನನ್ನು ಕಾಣಬೇಕೆಂದು ಹಂಬಲಿಸಿದಳು. ತಂದೆ ಟೋರ್ಗೌ ಶಾಲೆಯಿಂದ ಹಾನ್ಸನನ್ನು ಕರೆಸಿದ. ಮಿತ್ರನಿಗಾಗಿ ಹಟ ಹಿಡಿದವನು ಇಲ್ಲಿ ಹಟ ಮಾಡಲಿಲ್ಲ. ಮಗಳ ಮೇಲಿನ ಪ್ರೀತಿಯನ್ನು ದೇವರಲ್ಲಿ ತೋಡಿಕೊಂಡು, ಅವನ ಇಚ್ಛೆ ಅದೇ ಆದರೆ ತಾನು ಒಪ್ಪುವೆನೆಂದು ಅಳುತ್ತ ನುಡಿದ. ಈ ಎರಡನೆಯ ಪ್ರಾರ್ಥನೆಯೇ ಕಠಿಣವಾದುದೆಂದು ನನಗೆ ತೋರುತ್ತದೆ.

1542ರ ಸೆಪ್ಟೆಂಬರ್ 20ರಂದು ಅವಳು ಅವನ ತೋಳಿನಲ್ಲಿ ಪ್ರಾಣಬಿಟ್ಟಳು. ಕ್ಯಾಥರೀನ್ ಅದೇ ಕೋಣೆಯಲ್ಲಿದ್ದಳು. ದುಃಖಾತಿಶಯದಿಂದ ಹಾಸಿಗೆಯ ಸಮೀಪಕ್ಕೆ ಬರಲಾರದೆ ದೂರ ಉಳಿದಿದ್ದಳು. ಕೆಲವೇ ದಿನಗಳಲ್ಲಿ ಲೂಥರ್ ಗೆಳೆಯನೊಬ್ಬನಿಗೆ ಓಲೆ ಬರೆದು, ದೇವರನ್ನು ವಂದಿಸಬೇಕಾದ ತಾವಿಬ್ಬರಿಗೂ ಬಿಕ್ಕದೆ ಹಾಗೆ ಮಾಡಲಾಗುತ್ತಿಲ್ಲವೆಂದೂ, ತಮ್ಮ ಪರವಾಗಿ ಅವನೇ ಕೃತಜ್ಞತೆ ಸಲ್ಲಿಸಬೇಕೆಂದೂ ಕೇಳಿಕೊಂಡ.